ಮತ್ಸ್ಯಾಲಯಗಳೂ ನಮ್ಮ ಕಡಲೂ

ಹಿಂಗಣಾದಲ್ಲಿ ನೆಲೆಸಿರುವ ನಮಗೆ ಕಡಲು ದೂರದ ಮಾತು. ನಾಗಪುರದಿಂದ ಮುಂಬಯಿಗೆ ರೈಲಿನಲ್ಲಿ ಎಂಟುನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ನಮ್ಮ ಕಾರವಾರ, ಮಂಗಳೂರುಗಳು ಇನ್ನೂ ದೂರ. ರಾಜ್ಯೋತ್ಸವಕ್ಕೆಂದು ನಮ್ಮ ಮಕ್ಕಳು ಕರ್ನಾಟಕದ ನಕ್ಷೆ ಬರೆದು ಎಡಗಡೆಗೆ ನೀಲಿ ಬಣ್ಣ ಬಳಿಯುತ್ತಾರೆ. ಆ ನೀಲಿಯೊಳಗೆ ಏನಿದೆಯೆಂದು ಕೇಳಿದರೆ "ಮೀನು" ಎಂಬ ಒಂದೇ ಉತ್ತರ. ಮಕ್ಕಳನ್ನು ದೂರಿ ಫಲವಿಲ್ಲ. ನಮ್ಮಲ್ಲಿ ಬಹುಮಂದಿ ಬಯಲುಸೀಮೆಯವರೇ. ನಮಗೂ ಕಡಲಿನ ಒಳಗನ್ನು ಮೊದಲು ತೋರಿಸಿದ್ದು ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ. ಆ ಗಾಜಿನ ಮನೆಗಳ ಚರಿತ್ರೆಯನ್ನು ಹುಡುಕುತ್ತ ಹೋದಾಗ ಅದು ನಮ್ಮ ಏಕೀಕರಣದ ಚರಿತ್ರೆಗೂ ತಾಗಿಕೊಂಡಿರುವುದು ಕಂಡಿತು.

ಜನರಿಗೆ ತೆರೆದ ಮೊದಲ ಮತ್ಸ್ಯಾಲಯ 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಏರ್ಪಟ್ಟಿತು. ಅದಕ್ಕೆ ನೆರವಾದ ಫಿಲಿಪ್ ಹೆನ್ರಿ ಗಾಸ್ ಎಂಬ ವಿದ್ವಾಂಸ ಮರುವರ್ಷವೇ ಈ ವಿಷಯವಾಗಿ ಪುಸ್ತಕ ಬರೆದ. ಲವಣಗಳನ್ನು ಕೂಡಿಸಿ ಕೃತಕ ಕಡಲ ನೀರನ್ನು ಮಾಡುವ ಕ್ರಮವನ್ನೂ ಹೇಳಿಕೊಟ್ಟ. ಪರಿಣಾಮವೇನಾಯಿತು? ಮನೆಮನೆಯಲ್ಲೂ ಗಾಜಿನ ತೊಟ್ಟಿ ಇಡುವ ಹುಚ್ಚು ಹತ್ತಿತು. ಜನ ಬುಟ್ಟಿ ಹಿಡಿದು ಇಂಗ್ಲೆಂಡಿನ ದಡಗಳಿಗೆ ನುಗ್ಗಿ, ಬಂಡೆಗಳ ನಡುವಿನ ಹೊಂಡಗಳನ್ನು ಬರಿದುಮಾಡಿದರು. ತಂದೆಯ ಪುಸ್ತಕವೇ ತಂದೆಗೆ ಪ್ರಿಯವಾದ ದಡವನ್ನು ಹಾಳುಮಾಡಿತೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ವ್ಯಥೆಪಟ್ಟು ಬರೆದಿದ್ದಾನೆ. ಕಡಲನ್ನು ತೋರಿಸುವ ಮನೆ ಕಡಲನ್ನೇ ದೋಚಬಲ್ಲದೆಂಬ ಮಾತು ಹೀಗೆ ಮೊದಲ ತಲೆಮಾರಿನಲ್ಲೇ ತಿಳಿದುಹೋಯಿತು.

ಇದಕ್ಕೆ ಬೇರೊಂದು ದಾರಿ ಕಂಡವನು ಇಟಲಿಯ ನೇಪಲ್ಸ್ ನಗರದಲ್ಲಿ ಪ್ರಾಣಿಶಾಸ್ತ್ರ ಕೇಂದ್ರವನ್ನು ಕಟ್ಟಿದ ಜರ್ಮನ್ ವಿಜ್ಞಾನಿ ಆಂಟನ್ ಡೋರ್ನ್. 1872ರಲ್ಲಿ ಆರಂಭವಾದ ಈ ಕೇಂದ್ರದ ಕೆಳಅಂತಸ್ತಿನ ಮತ್ಸ್ಯಾಲಯ 1874ರಲ್ಲಿ ಜನರಿಗೆ ತೆರೆಯಿತು. ಕೆಳಗೆ ಪ್ರೇಕ್ಷಕರು ಟಿಕೆಟು ಕೊಂಡು ಬರುತ್ತಿದ್ದರು. ಆ ಹಣ ಮೇಲಂತಸ್ತಿನ ಪ್ರಯೋಗಶಾಲೆಗೆ ಸಲ್ಲುತ್ತಿತ್ತು. ಅದೂ ಸಾಲದೆಂದು ಡೋರ್ನ್ ಮಹಾಶಯ ಪ್ರಯೋಗಶಾಲೆಯ ಒಂದೊಂದು ಮೇಜನ್ನೂ ವರ್ಷಕ್ಕಿಷ್ಟೆಂದು ಗೊತ್ತುಮಾಡಿ ದೇಶದೇಶದ ವಿಶ್ವವಿದ್ಯಾಲಯಗಳಿಗೆ ಬಾಡಿಗೆಗೆ ಕೊಟ್ಟ. ಲೆಡ್ಜರಿನ ಮುಂದೆ ದಿನ ಕಳೆಯುವ ನಮ್ಮಂಥವರಿಗೆ ಈ ಮೇಜಿನ ಬಾಡಿಗೆ ಬಹಳ ಹಿಡಿಸಿತು! ಜಮೆಯಾದದ್ದು ಯಾವ ಖಾತೆಗೆ ಹೋಗಬೇಕೋ ಅಲ್ಲಿಗೇ ಹೋಯಿತು.

ನಮ್ಮ ದೇಶದ ಮೊದಲ ಕಡಲ ಮತ್ಸ್ಯಾಲಯ ಮದರಾಸಿನ ಮರೀನಾ ದಡದಲ್ಲಿ 1909ರಲ್ಲಿ ತೆರೆಯಿತು. ಅದನ್ನು ಯೋಜಿಸಿದವನು ಅಲ್ಲಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಹೊರತಂದವನೂ ಇವನೇ. 1919ರಲ್ಲಿ ಮತ್ಸ್ಯಾಲಯ ಮೀನುಗಾರಿಕೆ ಇಲಾಖೆಯ ವಶಕ್ಕೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಬಾಗಿಲು ಮುಚ್ಚಿತು.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಆಗ ಮಂಗಳೂರು, ಉಡುಪಿ, ಕಾಸರಗೋಡುಗಳೆಲ್ಲ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳು. ಉತ್ತರ ಕನ್ನಡವಾದರೋ 1862ರಲ್ಲೇ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಕನ್ನಡದ ಕಡಲು ಎರಡು ತುಂಡು; ಎರಡರ ಯಜಮಾನರೂ ಬೇರೆ ಭಾಷೆಯ ರಾಜಧಾನಿಗಳಲ್ಲಿ! ಆ ಎರಡು ರಾಜಧಾನಿಗಳಲ್ಲೇ ದೇಶದ ಎರಡು ಹೆಸರಾಂತ ಮತ್ಸ್ಯಾಲಯಗಳು ಎದ್ದುದು ಆಕಸ್ಮಿಕವಲ್ಲ. ಆಡಳಿತ ಎಲ್ಲಿಯೋ ಹಣವೂ ಅಲ್ಲಿಯೇ.

ಎರಡನೆಯದು ಮುಂಬಯಿಯದು. ಮರೀನ್ ಡ್ರೈವಿನ ಈ ಮತ್ಸ್ಯಾಲಯವನ್ನು 1951ರಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಉದ್ಘಾಟಿಸಿದರು. ಸುಮಾರು 8 ಲಕ್ಷ ರೂಪಾಯಿ ವೆಚ್ಚದಲ್ಲಿ 2 ಲಕ್ಷವನ್ನು ತಾರಾಪೋರವಾಲಾ ಎಂಬ ಪಾರಸಿ ದಾನಿಗಳು ಕೊಟ್ಟುದರಿಂದ ಅವರ ಹೆಸರೇ ನಿಂತಿತು. ಆಗ ಕಾರವಾರ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಆದ್ದರಿಂದ ಅದು ಕಾರವಾರದವರ ಸರ್ಕಾರವೇ ಕಟ್ಟಿದ ಮನೆಯೆನ್ನಲು ಅಡ್ಡಿಯಿಲ್ಲ. 2015ರಲ್ಲಿ ಅದು ಹನ್ನೆರಡು ಅಡಿ ಉದ್ದದ ಪಾರದರ್ಶಕ ಸುರಂಗದೊಡನೆ ನವೀಕರಣಗೊಂಡು ತೆರೆಯಿತು. ಆದರೆ ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿತು. ಆಮೇಲೆ ಕಟ್ಟಡವೇ ಶಿಥಿಲವಾಗಿದೆಯೆಂದು ತಿಳಿದುಬಂತು. ಉಪ್ಪುಗಾಳಿಯ ಎದುರಿನಲ್ಲಿ ಕಟ್ಟಿದ ಮನೆಗೆ ಮುಪ್ಪು ಬೇಗ.

1956ರ ನವೆಂಬರ್ 1ನ್ನು ನಾವು ಪ್ರತಿವರ್ಷ ಆಚರಿಸುತ್ತೇವೆ. ಅಂದು ಕಾರವಾರ, ಧಾರವಾಡಗಳು ಮುಂಬಯಿ ರಾಜ್ಯವನ್ನು ಬಿಟ್ಟು ನಮ್ಮ ರಾಜ್ಯಕ್ಕೆ ಬಂದವು. ಅದೇ ದಿನ ವಿದರ್ಭವೂ ಮಧ್ಯಪ್ರದೇಶವನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿತು. ಕಾರವಾರ ಹೊರಗೆ ಹೋದ ದಿನವೇ ನಾಗಪುರ ಒಳಗೆ ಬಂತು! ರಾಜಧಾನಿಯಾಗಿದ್ದ ನಾಗಪುರ ಆ ಪಟ್ಟವನ್ನು ಕಳೆದುಕೊಂಡು ಕಡಲಿರುವ ರಾಜ್ಯದ ಭಾಗವಾಯಿತು. ಕನ್ನಡಿಗರಿಗೆ ಸುಮಾರು 320 ಕಿಲೋಮೀಟರಿನ ಕರಾವಳಿ ಒಂದಾಗಿ ದೊರಕಿತು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು.

ಕಡಲು ಬಂದಿತು, ಕಡಲಿನ ಕಿಟಕಿ ಬರಲಿಲ್ಲ. ನಮ್ಮ ಸರ್ಕಾರದ ಹೆಸರಾದ ಮತ್ಸ್ಯಾಲಯ 1983ರಲ್ಲಿ ಎದ್ದದ್ದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ. ಮಂಗಳೂರಿನ ದಡದಿಂದ 350 ಕಿಲೋಮೀಟರು ದೂರ. ಅಲ್ಲಿ ಸಿಹಿನೀರಿನ ಮತ್ತು ಅಲಂಕಾರದ ಮೀನುಗಳಿಗೇ ಹೆಚ್ಚಿನ ಸ್ಥಾನ ದೊರೆತುದಕ್ಕೆ ಕಾರಣವಿಲ್ಲದಿಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆ ಪ್ರಮಾಣ ಏರುಪೇರಾದರೆ ಬಹಳ ಜೀವಿಗಳು ಉಳಿಯವು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಆದ್ದರಿಂದ ತೊಟ್ಟಿಗೆ ಮತ್ತೆ ತುಂಬಬೇಕಾದದ್ದು ಸಿಹಿನೀರೇ ಹೊರತು ಉಪ್ಪುನೀರಲ್ಲ. ಮೀನುಗಳ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನೈಟ್ರೇಟಾಗಿ ಮಾರ್ಪಡಿಸಬೇಕು. ಹೊಸ ತೊಟ್ಟಿಯಲ್ಲಿ ಅವು ಬೆಳೆದು ನಿಲ್ಲಲು ವಾರಗಳೇ ಬೇಕು. ಕಡಲಿನಲ್ಲಿ ಪುಕ್ಕಟೆಯಾಗಿ ನಡೆಯುವ ಇದೆಲ್ಲ ಒಳನಾಡಿನಲ್ಲಿ ಖರ್ಚಿನ ಬಾಬು.

ಕರಾವಳಿಯಲ್ಲಿ ವಿದ್ಯೆಗೇನೂ ಕೊರತೆಯಿಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಸ್ಥಾಪನೆಯಾಯಿತು, ದೇಶದಲ್ಲೇ ಮೊದಲನೆಯದು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಎರಡೂ ಊರುಗಳಲ್ಲಿ ಕೆಲಸಮಾಡಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಲ್ಲಿ ಚಿಕ್ಕ ಮತ್ಸ್ಯಾಗಾರಗಳೂ ಇವೆಯೆನ್ನಿ. ಆದರೆ ನೇಪಲ್ಸಿನಂತೆ ಕೆಳಗೆ ಜನ, ಮೇಲೆ ವಿಜ್ಞಾನಿ, ನಡುವೆ ಒಂದೇ ಮೆಟ್ಟಿಲು ಎಂಬಂಥ ದೊಡ್ಡ ಮನೆ ನಮ್ಮ ದಡದಲ್ಲಿ ಏಳಲಿಲ್ಲ.

ಎದ್ದಿದ್ದರೆ ಅದು ಹೇಳಬಹುದಾದ ಮೊದಲ ಕಥೆ ರಂಪಣಿಯದು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ಮಹಾಬಲೆಗೆ ಬಂಗಡೆ, ಬೂತಾಯಿಗಳು ಬೀಳುತ್ತಿದ್ದವು, ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವೆ ಯಂತ್ರದೋಣಿಗಳು ಪರ್ಸೀನ್ ಬಲೆಯೊಡನೆ ಇಳಿದು, ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು.

ಪರದೇಶಗಳಲ್ಲಿ ಈ ವಿದ್ಯೆ ಬಹಳ ಮುಂದೆ ಹೋಗಿದೆ. 1938ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತೆರೆದ ಓಷನೇರಿಯಂನಲ್ಲಿ ಡಾಲ್ಫಿನ್ನುಗಳ ಆಟವೇ ದೊಡ್ಡ ಆಕರ್ಷಣೆ. 1984ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತೆರೆದ ಮತ್ಸ್ಯಾಲಯವಾದರೋ ತಬ್ಬಲಿ ಕಡಲನಾಯಿ ಮರಿಗಳನ್ನು ಸಾಕುತಾಯಿಯರ ಬಳಿ ಬೆಳೆಸಿ ಮತ್ತೆ ಕಡಲಿಗೆ ಬಿಡುವ ಕೆಲಸಕ್ಕೆ ಹೆಸರಾಯಿತು. ಭಾರತ ಸರ್ಕಾರ 2013ರಲ್ಲಿ ಡಾಲ್ಫಿನ್ ಪ್ರದರ್ಶನಶಾಲೆಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಕಡಲಕುದುರೆ, ಹವಳಗಳು 2001ರಲ್ಲೇ ವನ್ಯಜೀವಿ ಕಾಯಿದೆಯ ಆಶ್ರಯಕ್ಕೆ ಬಂದಿದ್ದವು. ಗಾಸ್‌ನ ಕಾಲದಂತೆ ಬುಟ್ಟಿ ಹಿಡಿದು ಹೋಗುವಂತಿಲ್ಲ.

ಉತ್ತರ ಕನ್ನಡದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರೂ ಊರ ಮೀನುಗಾರರೂ ಅವನ್ನು ಕಾಯುತ್ತಾರೆ. ಮೊಟ್ಟೆ ಒಡೆಯಲು ನಲವತ್ತೈದರಿಂದ ಅರವತ್ತು ದಿನ. ಚಳಿಗಾಲದಲ್ಲಿ ಇಟ್ಟ ಮೊಟ್ಟೆಯ ಮರಿಗಳು ಬೇಸಗೆಯ ಮೊದಲಿಗೇ ನೀರಿಗಿಳಿದಿರುತ್ತವೆ. ನಾವು ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗುವುದು ಮೇ ತಿಂಗಳ ರಜೆಯಲ್ಲಿ. ಅಷ್ಟರೊಳಗೆ ಬಹುಮಟ್ಟಿಗೆ ಬರಿಯ ಚಿಪ್ಪು ಉಳಿದಿರುತ್ತದೆ. ಈ ಸಲ ಸಂಘದ ಒಂದೆರಡು ಕುಟುಂಬಗಳು ಮಾರ್ಚಿಯಲ್ಲೇ ಹೊರಡುವ ಆಲೋಚನೆಯಲ್ಲಿದ್ದೇವೆ. ಶಾಲೆಯ ಪರೀಕ್ಷೆಯೊಂದು ಅಡ್ಡಬರದಿದ್ದರೆ.