ಅವಸರದ ನ್ಯಾಯ: ಚೀನಾದ ಇತಿಹಾಸದಿಂದ ಒಂದು ಅಧ್ಯಾಯ

ಚೀನಾ ಎಂದೊಡನೆ ಮಹಾಗೋಡೆ, ಹ್ಯೂಯೆನ್ ತ್ಸಾಂಗ್, ಮಾವೋ ಇಷ್ಟನ್ನು ಹೇಳಿ ಪಾಠ ಮುಗಿಸುತ್ತಿದ್ದ ಇತಿಹಾಸದ ಮಾಸ್ತರರಲ್ಲಿ ನಾನೂ ಒಬ್ಬ. ಪರೀಕ್ಷೆಗೆ ಅಷ್ಟೇ ಸಾಕಾಗುತ್ತಿತ್ತು. ನಿವೃತ್ತಿಯ ಬಳಿಕ ಬಿಡುವಾಗಿ ಓದತೊಡಗಿದ ಮೇಲೆ ಒಂದು ಸಂಗತಿ ಮನಸ್ಸಿಗೆ ನಾಟಿತು. ಒಂದು ನಾಡು ಎಷ್ಟು ಬೇಗ ಬೆಳೆಯಿತೆಂಬುದನ್ನು ಅದರ ಕಾರ್ಖಾನೆಗಳು ಹೇಳುತ್ತವೆ. ಆ ಬೆಳವಣಿಗೆಗೆ ಅದು ತೆತ್ತ ಬೆಲೆಯನ್ನು ತಿಳಿಯಲು ಅಲ್ಲಿಯ ನ್ಯಾಯಾಲಯದ ಕಡತಗಳನ್ನು ನೋಡಬೇಕಾಗುತ್ತದೆ. ಸಂಘದ ಬಂಧುಗಳ ಮುಂದೆ ಈ ಸಲ ಅಂಥದೊಂದು ಅಧ್ಯಾಯವನ್ನು ಇಡುತ್ತಿದ್ದೇನೆ.

ಹಳೆಯ ಚೀನಾದ ದಂಡನೀತಿ ಕಠೋರವಾಗಿದ್ದಿತು. ತಪ್ಪೊಪ್ಪಿಗೆಗಾಗಿ ಆರೋಪಿಯನ್ನು ಹಿಂಸಿಸಲು ಕಾನೂನಿನಲ್ಲೇ ಅವಕಾಶವಿದ್ದಿತು. ಆದರೂ ಪ್ರಾಣ ತೆಗೆಯುವ ಮಾತು ಬಂದಾಗ ಆ ವ್ಯವಸ್ಥೆ ನಿಧಾನವಾಗಿ ನಡೆಯುತ್ತಿತ್ತು. ಚಿಂಗ್ ಅರಸರ ಕಾಲದಲ್ಲಿ ಊರಿನ ಅಧಿಕಾರಿಗೆ ಒಬ್ಬನನ್ನು ಗಲ್ಲಿಗೇರಿಸುವ ಅಧಿಕಾರವಿರಲಿಲ್ಲ. ಪ್ರಕರಣವು ಜಿಲ್ಲೆಯಿಂದ ಪ್ರಾಂತ್ಯಕ್ಕೆ, ಪ್ರಾಂತ್ಯದಿಂದ ರಾಜಧಾನಿಗೆ ಹೋಗಬೇಕಾಗಿದ್ದಿತು. ಬಹುಪಾಲು ಮರಣದಂಡನೆಗಳನ್ನು ಶರತ್ಕಾಲದ ಮಹಾವಿಚಾರಣೆಯವರೆಗೆ ತಡೆಹಿಡಿಯುತ್ತಿದ್ದರು. ಕೊನೆಗೆ ಚಕ್ರವರ್ತಿಯೇ ಕೆಂಪು ಮಸಿಯಿಂದ ಹೆಸರಿನ ಮೇಲೆ ಗುರುತು ಹಾಕಿದರೆ ಮಾತ್ರ ಶಿಕ್ಷೆ ಜಾರಿಯಾಗುತ್ತಿತ್ತು. ಗುರುತು ಬೀಳದವನು ಮುಂದಿನ ಶರತ್ಕಾಲದವರೆಗೆ ಬದುಕಿರುತ್ತಿದ್ದ. ಶವಪರೀಕ್ಷೆಯ ಕ್ರಮವನ್ನು ಅಧಿಕಾರಿಗಳಿಗೆ ತಿಳಿಸಲೆಂದು ಸುಂಗ್ ತ್ಸು ಎಂಬ ನ್ಯಾಯಾಧಿಕಾರಿ 1247ರಲ್ಲಿಯೇ ಒಂದು ಗ್ರಂಥವನ್ನು ಬರೆದಿದ್ದ. ಅನ್ಯಾಯಗಳನ್ನು ತೊಳೆಯುವುದು ಎಂಬುದು ಅದರ ಹೆಸರಿನ ಅರ್ಥ. ಅದೇ ಶತಮಾನದ ನಾಟಕಕಾರ ಗ್ವಾನ್ ಹಾನ್‌ಚಿಂಗ್ ಬರೆದ ನಾಟಕದಲ್ಲಿ ಮಾಡದ ಕೊಲೆಗೆ ತಲೆಕೊಟ್ಟ ದೌ ಎ ಎಂಬ ವಿಧವೆಯ ಕಥೆಯಿದೆ. ಅವಳ ನಿರಪರಾಧಕ್ಕೆ ಸಾಕ್ಷಿಯಾಗಿ ನಡುಬೇಸಿಗೆಯಲ್ಲಿ ಹಿಮ ಸುರಿಯುತ್ತದೆ. ಕತ್ತಿಯ ಕೆಳಗೆ ಕೊರಳೊಡ್ಡಿದ ನಮ್ಮ ಚಂದ್ರಮತಿಗೆ ಕಡೆಯ ಗಳಿಗೆಯಲ್ಲಿ ದೇವರು ಪ್ರತ್ಯಕ್ಷನಾದ. ದೌ ಎಗೆ ಆ ಭಾಗ್ಯವಿರಲಿಲ್ಲ.

1949ರ ಕ್ರಾಂತಿಯ ನಂತರ ಮೂವತ್ತು ವರ್ಷಗಳ ಕಾಲ ಹೊಸ ಚೀನಾಕ್ಕೆ ಪೂರ್ಣವಾದ ಒಂದು ದಂಡಸಂಹಿತೆಯೇ ಇರಲಿಲ್ಲವೆಂದರೆ ಓದುಗರು ನಂಬಲಾರರು. ನ್ಯಾಯ ಸಚಿವಾಲಯವನ್ನು 1959ರಲ್ಲಿ ಮುಚ್ಚಲಾಗಿದ್ದು, ಮತ್ತೆ ತೆರೆದುದು 1979ರಲ್ಲಿ. ಅದೇ ವರ್ಷ ಅಂಗೀಕೃತವಾದ ದಂಡಸಂಹಿತೆ ಮತ್ತು ಅಪರಾಧ ವಿಚಾರಣಾ ಸಂಹಿತೆಗಳು 1980ರ ಜನವರಿ 1ರಿಂದ ಜಾರಿಗೆ ಬಂದವು. ಮರಣದಂಡನೆಗೆ ಬೀಜಿಂಗಿನ ಸರ್ವೋಚ್ಚ ಜನತಾ ನ್ಯಾಯಾಲಯದ ಒಪ್ಪಿಗೆ ಬೇಕೆಂಬ ನಿಯಮ ಅವುಗಳಲ್ಲಿದ್ದಿತು. ಚಕ್ರವರ್ತಿಯ ಕೆಂಪು ಮಸಿಯ ಸ್ಥಾನದಲ್ಲಿ ನ್ಯಾಯಾಧೀಶರ ಸಹಿ ಬಂದಿತೆನ್ನಬಹುದು. ಆದರೆ ಆ ನಿಯಮ ನೆಟ್ಟಗೆ ನಾಲ್ಕು ವರ್ಷವೂ ಉಳಿಯಲಿಲ್ಲ.

ಏಕೆಂದರೆ ನಾಡು ಅಷ್ಟರಲ್ಲಿ ಓಡಲು ಆರಂಭಿಸಿದ್ದಿತು. 1978ರ ಕೊನೆಯಲ್ಲಿ ಡೆಂಗ್ ಶಿಯಾವೊಪಿಂಗ್ ಆರ್ಥಿಕ ಸುಧಾರಣೆಯ ಬಾಗಿಲನ್ನು ತೆರೆದ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಹಳ್ಳಿಗಳಿಗೆ ಅಟ್ಟಲ್ಪಟ್ಟಿದ್ದ ತರುಣರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪಟ್ಟಣಗಳಿಗೆ ಮರಳಿದರು. ಅವರಿಗೆ ಕೆಲಸವಿರಲಿಲ್ಲ. ಶಾಲೆಯ ವಯಸ್ಸಂತೂ ಮೀರಿಹೋಗಿದ್ದಿತು. ಬೀದಿಗಳಲ್ಲಿ ಕಳವು, ಹೊಡೆದಾಟಗಳು ಹೆಚ್ಚಿದವು. 1983ರ ಫೆಬ್ರುವರಿಯಲ್ಲಿ ಶೆನ್‌ಯಾಂಗ್ ನಗರದಲ್ಲಿ ಕೊಲೆ ಮಾಡಿ ಪರಾರಿಯಾದ ವಾಂಗ್ ಸಹೋದರರು ಏಳು ತಿಂಗಳ ಕಾಲ ಸಿಗಲಿಲ್ಲ. ಮೇ ತಿಂಗಳಲ್ಲಿ ಶೆನ್‌ಯಾಂಗಿನಿಂದ ಶಾಂಘೈಗೆ ಹೊರಟ ವಿಮಾನವನ್ನು ಅಪಹರಿಸಿ ದಕ್ಷಿಣ ಕೊರಿಯಾದಲ್ಲಿ ಇಳಿಸಲಾಯಿತು. ಜನ ಅಂಜಿದ್ದರು. ಅವರ ಅಂಜಿಕೆ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಜುಲೈ 19ರಂದು ಬೆಯ್ದೈಹೆಯ ಕಡಲತೀರದ ವಿಶ್ರಾಂತಿಧಾಮದಲ್ಲಿ ಡೆಂಗ್ ಸಾರ್ವಜನಿಕ ಭದ್ರತಾ ಸಚಿವರನ್ನು ಕರೆಸಿ ಮಾತನಾಡಿದ. ಮೆದುತನ ಸಾಕು, ದೊಡ್ಡ ಪೆಟ್ಟು ಕೊಡಬೇಕೆಂಬುದು ಆ ಮಾತುಕತೆಯ ಸಾರ. ಬಲವಾಗಿ ಹೊಡೆಯಿರಿ ಎಂಬ ಅರ್ಥದ ಹೆಸರನ್ನು ಹೊತ್ತ ಕಾರ್ಯಾಚರಣೆ ಅಲ್ಲಿಂದ ಮೊದಲಾಯಿತು. ಸೆಪ್ಟೆಂಬರ್ 2ರಂದು ಒಂದೇ ದಿನ ಕಾನೂನಿನಲ್ಲಿ ಹಲವು ಬದಲಾವಣೆಗಳಾದವು. ಪುಂಡಾಟಿಕೆ ಎಂಬ ಅಸ್ಪಷ್ಟ ಅಪರಾಧಕ್ಕೂ ಮರಣದಂಡನೆ ವಿಧಿಸಬಹುದೆಂದಾಯಿತು. ಘೋರ ಅಪರಾಧಗಳಲ್ಲಿ ಮೇಲ್ಮನವಿ ಸಲ್ಲಿಸಲು ಇದ್ದ ಹತ್ತು ದಿನಗಳ ಅವಧಿ ಮೂರು ದಿನಕ್ಕೆ ಇಳಿಯಿತು. ಎಲ್ಲಕ್ಕಿಂತ ದೊಡ್ಡದೆಂದರೆ, ಕೊಲೆ, ಅತ್ಯಾಚಾರ, ದರೋಡೆಯಂಥ ಪ್ರಕರಣಗಳಲ್ಲಿ ಮರಣದಂಡನೆಯನ್ನು ಸ್ಥಿರಪಡಿಸುವ ಅಧಿಕಾರವನ್ನು ಪ್ರಾಂತೀಯ ಉಚ್ಚ ನ್ಯಾಯಾಲಯಗಳಿಗೆ ಒಪ್ಪಿಸಲು ಅವಕಾಶವಾಯಿತು. ಮೇಲ್ಮನವಿಯನ್ನು ಕೇಳುವುದೂ ಅದೇ ನ್ಯಾಯಾಲಯ, ಶಿಕ್ಷೆಯನ್ನು ಸ್ಥಿರಪಡಿಸುವುದೂ ಅದೇ. ಉತ್ತರಪತ್ರಿಕೆಯನ್ನು ತಿದ್ದಿದವನ ಕೈಗೇ ಮರುಮೌಲ್ಯಮಾಪನವನ್ನು ಕೊಟ್ಟಂತೆ! ಇಂಥ ಕಾರ್ಯಾಚರಣೆಗಳು 1996ರಲ್ಲಿ, 2001ರಲ್ಲಿ ಮತ್ತೆ ನಡೆದವು.

ಈ ವ್ಯವಸ್ಥೆಯ ಪರಿಣಾಮವನ್ನು ಒಬ್ಬ ಹುಡುಗನ ಕಥೆಯಿಂದ ನೋಡೋಣ. 1994ರ ಆಗಸ್ಟ್‌ನಲ್ಲಿ ಹೆಬೆಯಿ ಪ್ರಾಂತ್ಯದ ಷಿಜಿಯಾಝುವಾಂಗ್ ನಗರದ ಹೊರವಲಯದ ಮೆಕ್ಕೆಜೋಳದ ಹೊಲದಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯಾಯಿತು. ಸೆಪ್ಟೆಂಬರ್ 23ರಂದು ಪೊಲೀಸರು ಸೈಕಲ್ ಮೇಲೆ ಓಡಾಡುತ್ತಿದ್ದ ನಿಯೆ ಶುಬಿನ್ ಎಂಬ ತರುಣನನ್ನು ಹಿಡಿದರು. ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುವ ಕೆಲಸದವನು, ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕೆಲವು ದಿನಗಳಲ್ಲಿ ತಪ್ಪೊಪ್ಪಿಗೆ ಸಿದ್ಧವಾಯಿತು. 1995ರ ಮಾರ್ಚ್‌ನಲ್ಲಿ ಮರಣದಂಡನೆಯ ತೀರ್ಪು, ಏಪ್ರಿಲ್ 25ರಂದು ಪ್ರಾಂತೀಯ ನ್ಯಾಯಾಲಯದ ಅಂತಿಮ ತೀರ್ಪು, 27ರಂದು ಗುಂಡು. ನಡುವೆ ಎರಡೇ ದಿನ. ಮಗನಿಗಾಗಿ ಸಾಮಾನು ತೆಗೆದುಕೊಂಡು ಸೆರೆಮನೆಯ ಬಾಗಿಲಿಗೆ ಹೋದ ತಂದೆಗೆ, ಅವನು ನಿನ್ನೆಯೇ ತೀರಿದನೆಂದು ಹೇಳಿ ಕಳಿಸಿದರು.

ಹತ್ತು ವರ್ಷ ಕಳೆಯಿತು. 2005ರ ಜನವರಿಯಲ್ಲಿ ಹೆನಾನ್ ಪ್ರಾಂತ್ಯದಲ್ಲಿ ಸಿಕ್ಕಿಬಿದ್ದ ವಾಂಗ್ ಶುಜಿನ್ ಎಂಬ ಕೊಲೆಗಾರ, ಆ ಜೋಳದ ಹೊಲದ ಕೊಲೆಯನ್ನೂ ತಾನೇ ಮಾಡಿದೆನೆಂದು ಹೇಳಿದ. ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಶುಬಿನ್‌ನ ತಾಯಿ ಝಾಂಗ್ ಹ್ವಾನ್‌ಝಿ ಅರ್ಜಿ ಹಿಡಿದು ಪ್ರಾಂತೀಯ ನ್ಯಾಯಾಲಯಕ್ಕೆ ಅಲೆಯತೊಡಗಿದಳು. ಮೂಲ ತೀರ್ಪಿನ ಪ್ರತಿ ಇಲ್ಲದೆ ಅರ್ಜಿ ಸ್ವೀಕರಿಸಲಾಗದೆಂದರು. ತೀರ್ಪಿನ ಪ್ರತಿಯನ್ನು ಆ ಕುಟುಂಬಕ್ಕೆ ಯಾರೂ ಕೊಟ್ಟೇ ಇರಲಿಲ್ಲ. ಕಚೇರಿಗಳ ಈ ಬಗೆಯ ತರ್ಕ ಗಡಿಭಾಗದಲ್ಲಿ ದಾಖಲೆಗಳಿಗಾಗಿ ಅಲೆದ ನಮಗೆ ಹೊಸತಲ್ಲ. ಆದರೆ ಇಲ್ಲಿ ಕೇಳುತ್ತಿದ್ದುದು ಸತ್ತ ಮಗನ ಮಾನವನ್ನು. 2014ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕರಣದ ಮರುಪರಿಶೀಲನೆಯನ್ನು ನೆರೆಯ ಶಾಂಡೊಂಗ್ ಪ್ರಾಂತ್ಯಕ್ಕೆ ವಹಿಸಿತು. ಕೊನೆಗೆ 2016ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವೇ ನಿಯೆ ಶುಬಿನ್ ನಿರಪರಾಧಿಯೆಂದು ಸಾರಿತು. ಬಂಧನದ ನಂತರದ ಮೊದಲ ಐದು ದಿನಗಳ ವಿಚಾರಣೆಯ ದಾಖಲೆಗಳು ಕಡತದಲ್ಲಿ ಇರಲಿಲ್ಲ. ಕೊಲೆಯ ದಿನ ಅವನು ಕೆಲಸಕ್ಕೆ ಬಂದಿದ್ದನೇ ಇಲ್ಲವೇ ಎಂಬುದನ್ನು ಹೇಳಬಹುದಾಗಿದ್ದ ಕಾರ್ಖಾನೆಯ ಹಾಜರಿ ಪಟ್ಟಿಯೂ ಕಾಣೆಯಾಗಿದ್ದಿತು.

ಹಾಜರಿ ಪಟ್ಟಿ ಎಂಬ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆ. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ಪರೀಕ್ಷಾ ಶುಲ್ಕದ ಹಣ ಕಾಣೆಯಾಗಿದ್ದಿತು. ಕಬ್ಬು ಕಡಿಯುವವರ ಮಗನೊಬ್ಬ ಆ ವರ್ಷವಷ್ಟೇ ಬಂದು ಸೇರಿದ್ದ. ಎಲ್ಲರ ಕಣ್ಣೂ ಅವನ ಮೇಲೆ, ನನ್ನದೂ ಕೂಡ. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಹೊಡೆದೆ. ಹುಡುಗ ಒಪ್ಪಿಕೊಂಡ. ನಾಲ್ಕನೆಯ ದಿನ ಹಣ ಬೇರೆ ತರಗತಿಯ ಹಾಜರಿ ಪುಸ್ತಕದ ರಟ್ಟಿನೊಳಗೆ ಸಿಕ್ಕಿತು. ಹುಡುಗ ಅಷ್ಟರಲ್ಲಿ ಶಾಲೆ ಬಿಟ್ಟಿದ್ದ. ಮಾಡದ ತಪ್ಪನ್ನು ಜನ ಏಕೆ ಒಪ್ಪಿಕೊಳ್ಳುತ್ತಾರೆಂದು ನನ್ನನ್ನು ಯಾರೂ ಕೇಳಬೇಕಾಗಿಲ್ಲ.

ಚೀನಾದಲ್ಲಿ ಅದೇ 2005ರಲ್ಲಿ ಹುಬೆಯಿ ಪ್ರಾಂತ್ಯದ ಷೆ ಶಿಯಾಂಗ್‌ಲಿನ್‌ನ ಹೆಂಡತಿ ಊರಿಗೆ ಮರಳಿದಳು. ಅವಳನ್ನು ಕೊಂದನೆಂದು ಅವನು ಹನ್ನೊಂದು ವರ್ಷ ಸೆರೆಯಲ್ಲಿದ್ದ. 2010ರಲ್ಲಿ ಹೆನಾನಿನ ಝಾವೊ ಝುವೊಹಾಯ್ ಕೊಂದನೆನ್ನಲಾದ ನೆರೆಯವನೂ ಹಾಗೆಯೇ ಬದುಕಿ ಬಂದ. ಇಬ್ಬರ ತಪ್ಪೊಪ್ಪಿಗೆಗಳೂ ಹೊಡೆದು ಪಡೆದವಾಗಿದ್ದವು.

ಅಪರಾಧವನ್ನೇ ಮಾಡದೆ ಸಿಕ್ಕಿಬಿದ್ದವರೂ ಉಂಟು. 1958ರ ಕಾನೂನಿನಂತೆ ಪ್ರತಿಯೊಬ್ಬ ಚೀನೀಯನಿಗೂ ಹುಕೋ ಎಂಬ ಊರಿನ ನೋಂದಣಿ ಇರುತ್ತದೆ. ಪರವೂರಿಗೆ ದುಡಿಯಲು ಹೋದವನು ಅಲ್ಲಿ ತಾತ್ಕಾಲಿಕ ವಾಸದ ಪರವಾನಗಿ ಪಡೆಯಬೇಕಾಗಿದ್ದಿತು. ಇಲ್ಲದವನನ್ನು ಹಿಡಿದು ಊರಿಗೆ ಮರಳಿಸಲು 1982ರಿಂದ ಬೇರೆಯದೇ ನಿಯಮವಿದ್ದಿತು. ನಮ್ಮ ಸೀಮೆಯ ಮಕ್ಕಳು ಪುಣೆಗೆ, ಮುಂಬಯಿಗೆ ಗಂಟು ಕಟ್ಟಿಕೊಂಡು ಹೊರಟಾಗ ಯಾರ ಚೀಟಿಯನ್ನೂ ಕೇಳಬೇಕಾಗಲಿಲ್ಲ. ವಸ್ತ್ರೋದ್ಯಮದ ಸಂಸ್ಥೆಯೊಂದರಲ್ಲಿ ವಿನ್ಯಾಸಕಾರನಾಗಿದ್ದ ಇಪ್ಪತ್ತೇಳು ವರ್ಷದ ಸುನ್ ಝಿಗಾಂಗ್ ಗ್ವಾಂಗ್‌ಝೌ ನಗರಕ್ಕೆ ಬಂದು ತಿಂಗಳೂ ಆಗಿರಲಿಲ್ಲ. 2003ರ ಮಾರ್ಚ್ 17ರ ರಾತ್ರಿ ಅವನನ್ನು ಬೀದಿಯಲ್ಲಿ ಹಿಡಿದರು. 20ರಂದು ಬಂಧಿತರ ಚಿಕಿತ್ಸಾಲಯದಲ್ಲಿ ಪೆಟ್ಟು ತಿಂದು ಸತ್ತ. ಒಂದು ಪತ್ರಿಕೆ ಏಪ್ರಿಲ್ 25ರಂದು ಅದನ್ನು ಬಯಲಿಗೆಳೆಯಿತು. ಮೂವರು ತರುಣ ಕಾನೂನು ವಿದ್ವಾಂಸರು ಆ ನಿಯಮದ ಸಂವಿಧಾನಬದ್ಧತೆಯನ್ನೇ ಪ್ರಶ್ನಿಸಿ ಅರ್ಜಿ ಬರೆದರು. ಆಗಸ್ಟ್ 1ರಿಂದ ನಿಯಮ ರದ್ದಾಯಿತು. ಆದರೆ ಹಲ್ಲೆಯ ಮುಖ್ಯ ಆರೋಪಿಯ ವಿಚಾರಣೆ, ಮೇಲ್ಮನವಿ, ಮರಣದಂಡನೆ ಎಲ್ಲವೂ ಆ ಜೂನ್ ತಿಂಗಳೊಂದರಲ್ಲೇ ಮುಗಿದುಹೋದವು. ಅವಸರದ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಇದೆಲ್ಲ ಚೀನೀ ಜನರ ಸ್ವಭಾವವೆಂದು ತಿಳಿಯುವುದು ತಪ್ಪಾದೀತು. ಅಷ್ಟೇ ವೇಗದಲ್ಲಿ ಬೆಳೆದ ಹಾಂಗ್‌ಕಾಂಗ್‌ನಲ್ಲಿ 1966ರ ನಂತರ ಯಾರನ್ನೂ ಗಲ್ಲಿಗೇರಿಸಲಿಲ್ಲ. ಅಲ್ಲಿಯ ರೋಗ ಪೊಲೀಸರ ಲಂಚವಾಗಿದ್ದಿತು. ಹಿರಿಯ ಅಧಿಕಾರಿ ಪೀಟರ್ ಗಾಡ್ಬರ್ 1973ರಲ್ಲಿ ಓಡಿಹೋದಾಗ ಜನ ಬೀದಿಗಿಳಿದರು. 1974ರ ಫೆಬ್ರುವರಿಯಲ್ಲಿ ಪೊಲೀಸರಿಂದ ಬೇರೆಯಾದ ಸ್ವತಂತ್ರ ಭ್ರಷ್ಟಾಚಾರ ನಿಗ್ರಹ ಆಯೋಗ ಹುಟ್ಟಿತು. ಗಾಡ್ಬರ್‌ನನ್ನು ಇಂಗ್ಲೆಂಡಿನಿಂದ ಕರೆತಂದು, ವಿಚಾರಣೆ ನಡೆಸಿ ನಾಲ್ಕು ವರ್ಷದ ಸೆರೆ ವಿಧಿಸಲಾಯಿತು. ಇನ್ನು ಚುನಾವಣೆಗಳಿರುವ ತೈವಾನೂ ಎಡವಿದ್ದುಂಟು. ವಾಯುಪಡೆಯ ಸೈನಿಕ ಚಿಯಾಂಗ್ ಕುವೊ-ಚಿಂಗ್‌ನನ್ನು 1997ರಲ್ಲಿ ಗುಂಡಿಟ್ಟು ಕೊಂದು, 2011ರಲ್ಲಿ ಅವನು ನಿರ್ದೋಷಿಯೆಂದು ಸಾರಿದರು.

ಬೀಜಿಂಗ್ ಕೂಡ ಮೆಲ್ಲಗೆ ಹಿಂದಕ್ಕೆ ಹೆಜ್ಜೆಯಿಟ್ಟಿತು. ಪುಂಡಾಟಿಕೆಯೆಂಬ ಅಪರಾಧ 1997ರ ಪರಿಷ್ಕರಣೆಯಲ್ಲಿ ಹೋಯಿತು. 2007ರ ಜನವರಿ 1ರಿಂದ ಪ್ರತಿಯೊಂದು ಮರಣದಂಡನೆಯ ಅಂತಿಮ ಪರಿಶೀಲನೆ ಸರ್ವೋಚ್ಚ ನ್ಯಾಯಾಲಯಕ್ಕೆ ಮರಳಿತು. ಇಪ್ಪತ್ಮೂರು ವರ್ಷಗಳ ನಂತರ! ಮರಣದಂಡನೆಗೆ ಅರ್ಹವಾದ ಅಪರಾಧಗಳು 2011ರಲ್ಲಿ 68ರಿಂದ 55ಕ್ಕೆ, 2015ರಲ್ಲಿ 46ಕ್ಕೆ ಇಳಿದವು. ಹಿಂಸೆಯಿಂದ ಪಡೆದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಸ್ವೀಕರಿಸಬಾರದೆಂಬ ವಿವರವಾದ ನಿಯಮಗಳು 2010ರಲ್ಲಿ ಬಂದವು. ಹಾಗಿದ್ದರೂ ವರ್ಷಕ್ಕೆ ಎಷ್ಟು ಜನರ ಪ್ರಾಣ ತೆಗೆಯಲಾಗುತ್ತದೆಂಬ ಲೆಕ್ಕ ಅಲ್ಲಿ ಇಂದಿಗೂ ರಾಜ್ಯದ ರಹಸ್ಯ.

ನಿಯೆ ಶುಬಿನ್‌ನ ಕುಟುಂಬಕ್ಕೆ 2017ರಲ್ಲಿ ಸುಮಾರು 26.8 ಲಕ್ಷ ಯುವಾನ್ ಪರಿಹಾರ ದೊರೆಯಿತು. ವಾಂಗ್ ಶುಜಿನ್‌ನನ್ನು ಬೇರೆ ಕೊಲೆಗಳಿಗಾಗಿ 2021ರ ಫೆಬ್ರುವರಿಯಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು. ಜೋಳದ ಹೊಲದ ಕೊಲೆಯನ್ನು ಅವನು ಕೊನೆಯವರೆಗೂ ತನ್ನದೆಂದು ಹೇಳಿದರೂ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 1994ರ ಆಗಸ್ಟ್‌ನಲ್ಲಿ ಸತ್ತ ಆ ಹೆಣ್ಣುಮಗಳ ಕೊಲೆಗಾರ ಯಾರೆಂದು ಯಾವ ತೀರ್ಪಿನಲ್ಲಿಯೂ ಬರೆದಿಲ್ಲ.