ಬದಲಾಯಿಸದ ತಂತಿಗಳು

ಹೊಸ ಬೇಸ್ ಗಿಟಾರ್ ಕೊಂಡವರಲ್ಲಿ ಕೆಲವರು ಮೊದಲು ಮಾಡುವ ಕೆಲಸ ಅದರ ದನಿಯನ್ನು ಹಳತು ಮಾಡುವುದು. ಝಣಝಣಿಸುವ ತಂತಿಗಳನ್ನು ಬಿಚ್ಚಿ, ಮೈ ನುಣುಪಾಗಿರುವ ‘ಫ್ಲಾಟ್‌ವೌಂಡ್’ ತಂತಿ ಕಟ್ಟುತ್ತಾರೆ. ಬ್ರಿಜ್ಜಿನ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ತುರುಕುತ್ತಾರೆ. ಅವರಲ್ಲಿ ಬಹಳ ಮಂದಿ ಹುಡುಕುವ ದನಿಗೆ ಒಂದು ಊರಿದೆ, ಮನೆ ನಂಬರೂ ಇದೆ: ಅಮೆರಿಕದ ಡೆಟ್ರಾಯ್ಟ್, 2648 ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್.

ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರಿ ಗಾರ್ಡಿ 1959ರಲ್ಲಿ ಆ ಮನೆಯನ್ನು ಕೊಂಡು ಮೋಟೌನ್ ಸಂಗೀತ ಕಂಪನಿಯ ಸ್ಟುಡಿಯೋ ಮಾಡಿದ. ಕೇಬಲ್ಲುಗಳು ತುಂಬಿದ್ದ ಆ ಇಕ್ಕಟ್ಟಿನ ಕೋಣೆಯನ್ನು ವಾದಕರು ‘ಹಾವಿನ ಗುಂಡಿ’ ಎಂದು ಕರೆಯುತ್ತಿದ್ದರು. ಅಲ್ಲಿ ಬೇಸ್ ನುಡಿಸುತ್ತಿದ್ದವನು ಜೇಮ್ಸ್ ಜೇಮರ್ಸನ್. 1936ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿ, ಡೆಟ್ರಾಯ್ಟಿಗೆ ಬಂದು, ಆಳೆತ್ತರದ ಮರದ ಬೇಸ್ ಕಲಿತವನು. ಫೆಂಡರ್ ಕಂಪನಿ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯ ಕೈಗೆ ಬಂದ ಮೇಲೂ ಮರದ ಬೇಸಿನ ಅಭ್ಯಾಸ ಅವನನ್ನು ಬಿಡಲಿಲ್ಲ. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ. ಆ ಬೆರಳಿಗೆ ‘ಕೊಕ್ಕೆ’ ಎಂಬ ಅಡ್ಡಹೆಸರೇ ಬಿತ್ತು. ತಂತಿ ತುಂಡಾಗದ ಹೊರತು ಬದಲಾಯಿಸುತ್ತಿರಲಿಲ್ಲ.

ಹಳೆಯ ದಪ್ಪ ತಂತಿ, ಮೇಲೆ ಸ್ಪಂಜು. ಇದರಿಂದ ಸ್ವರ ‘ಧಬ್’ ಎಂದು ಹುಟ್ಟಿ ಬೇಗ ಆರಿಹೋಗುತ್ತದೆ. ಒಂದರ ಅನುರಣನ ಇನ್ನೊಂದರ ಮೇಲೆ ಬೀಳುವುದಿಲ್ಲ. ಜೇಮರ್ಸನ್ ಅಷ್ಟೊಂದು ಸ್ವರಗಳನ್ನು ನುಡಿಸಿದರೂ ಹಾಡು ಕಲಸಿಹೋಗದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಧ್ವನಿಮುದ್ರಣದ ಕ್ರಮ. ಆಂಪ್ಲಿಫೈಯರಿನ ಮುಂದೆ ಮೈಕು ಇಟ್ಟರೆ ಆ ಚಿಕ್ಕ ಕೋಣೆಯ ಡ್ರಮ್ಮು, ಪಿಯಾನೋ ಎಲ್ಲ ಅದರೊಳಗೆ ನುಗ್ಗುತ್ತವೆ. ಹಾಗಾಗಿ ಮೋಟೌನ್ ಎಂಜಿನಿಯರುಗಳು ಬೇಸಿನ ಸಂಕೇತವನ್ನು ತಂತಿಯ ಮೂಲಕ ನೇರವಾಗಿ ಕನ್ಸೋಲಿಗೇ ಕೊಟ್ಟರು. ಆರಂಭದ ವರ್ಷಗಳಲ್ಲಿ ಟೇಪಿನಲ್ಲಿ ಇದ್ದದ್ದೇ ಎರಡು ಮೂರು ಟ್ರ್ಯಾಕು. ಹತ್ತು ಹನ್ನೆರಡು ಜನ ಒಟ್ಟಿಗೆ ನುಡಿಸಬೇಕು, ಒಬ್ಬ ಎಡವಿದರೆ ಎಲ್ಲರೂ ಮತ್ತೆ ಮೊದಲಿನಿಂದ.

ಅವರಲ್ಲಿ ಯಾರೂ ‘ಹಳೆಯ ದನಿ’ಯನ್ನು ಬಯಸಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕೈಲಿದ್ದದ್ದು ಆ ಕಾಲದ ಹೊಸ ವಾದ್ಯ. ಇಂದು ನಾವು ‘ವಿಂಟೇಜ್’ ಎನ್ನುವುದು ಜಾಗ, ಟೇಪು, ಸಮಯ ಎಲ್ಲ ಕಡಿಮೆಯಿದ್ದಾಗ ಅವರು ಕಂಡುಕೊಂಡ ದಾರಿ. ಇವತ್ತಿನ ಕಂಪ್ಯೂಟರಿನಲ್ಲಿ ಟ್ರ್ಯಾಕುಗಳಿಗೆ ಲೆಕ್ಕವಿಲ್ಲ, ತಪ್ಪನ್ನು ನಾಳೆ ತಿದ್ದಬಹುದು, ದನಿಯನ್ನು ನಾಡಿದ್ದು ಆರಿಸಬಹುದು. ಸ್ಪಂಜು ತುರುಕಿಕೊಂಡು ಕೂತವನಿಗೆ ಬೇಕಿರುವುದು ಬರೀ ದನಿಯಲ್ಲ, ನುಡಿಸುವ ಹೊತ್ತಿಗೇ ತೀರ್ಮಾನ ಮಾಡಬೇಕಾದ ಆ ಒತ್ತಾಯವೂ ಹೌದು. ಅದು ತಂತಿಯ ಜೊತೆ ಪೊಟ್ಟಣದಲ್ಲಿ ಬರುವುದಿಲ್ಲ.

ಈ ಕಥೆಯಲ್ಲಿ ಅಳಿದುಹೋಗಬಹುದಾಗಿದ್ದ ಇನ್ನೊಂದು ಸಂಗತಿಯಿದೆ, ಅದು ವಾದಕನ ಹೆಸರು. 1960ರ ದಶಕದ ಮೋಟೌನ್ ರೆಕಾರ್ಡುಗಳ ಹೊದಿಕೆಯಲ್ಲಿ ಸ್ಟುಡಿಯೋ ವಾದಕರ ಹೆಸರು ಅಚ್ಚಾಗುತ್ತಿರಲಿಲ್ಲ. ಆ ಬೇಸನ್ನು ಲಕ್ಷಾಂತರ ಜನ ಕೇಳಿದರು, ನುಡಿಸಿದವನು ಯಾರೆಂದು ಬಹುತೇಕರಿಗೆ ಗೊತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಮೇಲೆ ಜೇಮರ್ಸನ್ ಹೆಸರು ಬಂತು. ಮರುವರ್ಷ ಕಂಪನಿ ಲಾಸ್ ಏಂಜಲೀಸಿಗೆ ಹೊರಟಿತು. ಹಿಂದೆಯೇ ಹೋದ ಜೇಮರ್ಸನ್‌ಗೆ ಅಲ್ಲಿ ಮೊದಲಿನ ಸ್ಥಾನ ಸಿಗಲಿಲ್ಲ. 1983ರಲ್ಲಿ, 47ನೇ ವಯಸ್ಸಿಗೆ ತೀರಿಕೊಂಡ. ಅದಕ್ಕೆ ಕೆಲವೇ ದಿನ ಮುಂಚೆ ಅವನ 1962ರ ಫೆಂಡರ್ ಬೇಸ್ ಕಳವಾಗಿತ್ತು. ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಗೌರವ ಸಂದದ್ದು 2000ರಲ್ಲಿ.

ಇಂದು ಅವನು ಬಳಸುತ್ತಿದ್ದ ಅಳತೆಯ ತಂತಿಗಳು ಅವನ ಹೆಸರಿನಲ್ಲೇ ಮಾರಾಟವಾಗುತ್ತವೆ. ತಂತಿ ಕೊಳ್ಳುವವರು ಕೊಳ್ಳಲಿ. ನಾವು ನೀವು ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಫೋರ್ ಟಾಪ್ಸ್ ತಂಡದ 1967ರ ‘ಬರ್ನಡೆಟ್’ ಹಾಡನ್ನು ಒಮ್ಮೆ ಕೇಳೋಣ. ಮೊದಲ ಸಲ ಗಾಯಕನನ್ನು ಹಿಂಬಾಲಿಸಿ, ಎರಡನೇ ಸಲ ಆ ಒಂದು ಬೆರಳನ್ನು.