ಘಟ್ಟಕ್ಕೆ ಒಗ್ಗದ ಕಂಪನಿ ಟೈರು

ಹೊಸ ಲಾರಿಯ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ ಮಾಲೀಕ, ಗಾಡಿ ಘಟ್ಟದ ದಾರಿಯಲ್ಲಿ ಓಡುವುದಾದರೆ, ಅಲ್ಲಿಂದ ನೇರ ಟೈರ್ ಅಂಗಡಿಗೆ ಹೋಗುವುದುಂಟು. ಕಂಪನಿಯಿಂದ ಬಂದ ಟೈರು ಹೊಚ್ಚಹೊಸದು, ಮೈಮೇಲಿನ ರಬ್ಬರಿನ ಎಳೆಗಳೂ ಉದುರಿರುವುದಿಲ್ಲ. ಆದರೂ ಹಿಂದಿನ ಚಕ್ರಗಳಿಂದ ಅದನ್ನು ಬಿಚ್ಚಿಸಿ ಅಡ್ಡಗಟ್ಟೆಗಳಿರುವ ಲಗ್ ಟೈರ್ ಹಾಕಿಸುತ್ತಾರೆ. ಬಿಚ್ಚಿದ್ದು ಮುಂದಿನ ಚಕ್ರಕ್ಕೋ ಸ್ಟೆಪ್ನಿಗೋ ಆಗುತ್ತದೆ. ಕಾರವಾರ, ಅಂಕೋಲೆಗಳಿಂದ ಹುಬ್ಬಳ್ಳಿಗೆ ಸರಕು ಒಯ್ದವರಿಗೆ ಈ ಖರ್ಚು ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ನಡುವೆ ಅರಬೈಲು ಘಟ್ಟ ಇದೆ.

ಈ ದಾರಿಯ ಕಥೆ ಹತ್ತಿಯಿಂದ ಶುರುವಾಗುತ್ತದೆ. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತಿ, ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಆ ಊರಿನ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತಾಗ ಬಿಳಿಯ ವ್ಯಾಪಾರಿಗಳ ಕಣ್ಣು ಕಾರವಾರದ ಮೇಲೆ ಬಿತ್ತು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ರಸ್ತೆ ಮಾಡುವವರು ಯಾರು? 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಬಂದರಿಗೆ ಹಣ ಬಂತು, ಘಟ್ಟದಲ್ಲಿ ಗಾಡಿದಾರಿ ಬಂತು. ಆದರೆ ಕಾರವಾರ ಕಾದಿದ್ದ ರೈಲು ಬರಲಿಲ್ಲ. 1880ರ ದಶಕದಲ್ಲಿ ರೈಲು ಮುರ್ಮುಗಾವಿನತ್ತ ಇಳಿಯಿತು, ಅದರ ಹಿಂದೆ ವ್ಯಾಪಾರವೂ ಹೋಯಿತು.

ಎತ್ತಿನ ಗಾಡಿಗೆ ಜಾರುವ ಚಕ್ರ ದೊಡ್ಡ ತೊಂದರೆಯಾಗಿರಲಿಲ್ಲ. ನೆಲವನ್ನು ಹಿಡಿಯುವ ಕೆಲಸ ಲಾಳ ಹೊಡೆದ ಗೊರಸಿನದು, ಕಬ್ಬಿಣದ ಪಟ್ಟಿ ಕಟ್ಟಿದ ಚಕ್ರ ಸುಮ್ಮನೆ ಉರುಳಿದರೆ ಸಾಕಿತ್ತು. ಏರು ಹೆಚ್ಚಾದರೆ ಇನ್ನೊಂದು ಜೋಡಿ ಎತ್ತು ಕಟ್ಟಬಹುದಿತ್ತು. ಲಾರಿ ಬಂದ ಮೇಲೆ ಭಾರ ಹೊರುವುದು, ಎಳೆಯುವುದು, ತಡೆಯುವುದು ಮೂರೂ ಚಕ್ರದ ಪಾಲಿಗೆ ಬಂದವು. ಚಕ್ರ ನೆಲ ಬಿಟ್ಟರೆ ಕಟ್ಟಲು ಬೇರೆ ಎತ್ತಿಲ್ಲ.

1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಹೊರಬಿದ್ದವು. ಮದ್ರಾಸಿನ ಲೇಲ್ಯಾಂಡ್ ಕೂಡ ಅದೇ ದಶಕದ್ದು. ಲಾರಿಗೆ ಟೈರು ಬೇಕಲ್ಲ: ಡನ್‌ಲಪ್ ಬಂಗಾಳದ ಸಾಹಾಗಂಜಿನಲ್ಲಿ 1936ರಿಂದಲೇ ಟೈರು ಮಾಡುತ್ತಿತ್ತು, ಹಳೆ ಟೈರಿಗೆ ಹಚ್ಚುವ ರಬ್ಬರಿನಿಂದ ಆರಂಭಿಸಿದ ಎಂಆರ್‌ಎಫ್ 1961ರಲ್ಲಿ ಟೈರಿಗೆ ಕೈಹಾಕಿ, 1970ರ ದಶಕದಲ್ಲಿ ಕಾರವಾರದ ಪಕ್ಕದ ಗೋವೆಯಲ್ಲೂ ಕಾರ್ಖಾನೆ ತೆರೆಯಿತು. ಕರ್ನಾಟಕ ಸರ್ಕಾರದ ಪಾಲುದಾರಿಕೆಯಲ್ಲಿ ಮೈಸೂರಿನಲ್ಲಿ ವಿಕ್ರಾಂತ್ ಟೈರ್ಸ್ ಹುಟ್ಟಿತು. ನೈಲಾನ್ ಲಗ್ ಟೈರ್ ಲಾರಿಯವರ ಬಾಯಲ್ಲಿ ಮನೆಮಾತಾದದ್ದು ಆ ಕಾಲದಲ್ಲೇ.

ಲಾರಿ ಟೈರಿನಲ್ಲಿ ಮುಖ್ಯವಾಗಿ ಎರಡು ಬಗೆ. ಸುತ್ತಲೂ ಉದ್ದಕ್ಕೆ ಗೀರು ಹರಿದಿರುವುದು ರಿಬ್. ಇದು ನೇರ ಓಡುತ್ತದೆ, ಸ್ಟೇರಿಂಗಿಗೆ ಹಗುರ, ಬೇಗ ಬಿಸಿಯಾಗದು, ಡೀಸೆಲ್ ಉಳಿಸುತ್ತದೆ. ಅಡ್ಡಕ್ಕೆ ದಪ್ಪ ಗಟ್ಟೆಗಳಿರುವುದು ಲಗ್. ಕೆಸರು, ಜಲ್ಲಿ, ಸಡಿಲ ಮಣ್ಣಿನಲ್ಲಿ ಗಟ್ಟೆಗಳು ಊರಿಕೊಂಡು ಗಾಡಿಯನ್ನು ಮುಂದೆ ತಳ್ಳುತ್ತವೆ. ಬದಲಿಗೆ ಸದ್ದು ಹೆಚ್ಚು, ಡೀಸೆಲ್ ಹೆಚ್ಚು. ಹೆದ್ದಾರಿ ಸರಕಿಗೆಂದು ತಯಾರಾದ ಲಾರಿಗೆ ಕಾರ್ಖಾನೆಯಲ್ಲಿ ಎಲ್ಲ ಚಕ್ರಕ್ಕೂ ರಿಬ್ ಹಾಕಿ ಕಳಿಸುವುದರಲ್ಲಿ ಲೆಕ್ಕ ತಪ್ಪಿಲ್ಲ. ಆ ಲೆಕ್ಕ ಬಯಲುಸೀಮೆಯ ಉದ್ದ ರಸ್ತೆಯದು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ, ತಿರುವಿಗೊಂದು ಏರಿರುವ ಕಡೆಯ ಲೆಕ್ಕ ಅಲ್ಲ.

ಈ ಅಂತರ ಎದ್ದು ಕಂಡದ್ದು ಅದಿರಿನ ವರ್ಷಗಳಲ್ಲಿ. ಚೀನಾದ ಬೇಡಿಕೆ ಏರುತ್ತಿದ್ದಂತೆ ಬಳ್ಳಾರಿ, ಹೊಸಪೇಟೆ, ಸಂಡೂರಿನ ಕಬ್ಬಿಣದ ಅದಿರು ಹುಬ್ಬಳ್ಳಿ ದಾಟಿ ಅರಬೈಲು ಇಳಿದು ಅಂಕೋಲಾ ತಾಲ್ಲೂಕಿನ ಬೇಲೆಕೇರಿಗೆ, ಕಾರವಾರಕ್ಕೆ ಸಾಲುಸಾಲಾಗಿ ಬಂತು. ಆಗಿನ ರಾಷ್ಟ್ರೀಯ ಹೆದ್ದಾರಿ 63 ಕೆಂಪಾಯಿತು. ಗಿಡಮರ, ಅಂಗಡಿಯ ಸೂರು, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಧೂಳು. ಅದೇ ಧೂಳಿನ ಮೇಲೆ ಮೇ ತಿಂಗಳ ಮೊದಲ ಮಳೆ ಬಿದ್ದರೆ ಡಾಂಬರು ಕಾಣದ ಹಾಗೆ ನುಣ್ಣನೆಯ ರಾಡಿ. ಜೋರು ಮಳೆ ಒಂದೆರಡು ದಿನ ತೊಳೆದ ಮೇಲೆಯೇ ರಸ್ತೆ ಹಿಡಿತಕ್ಕೆ ಬರುತ್ತಿತ್ತು.

ಅದಿರು ಲಾರಿಯ ಇನ್ನೊಂದು ವಿಶೇಷವೆಂದರೆ ಅದು ತುಂಬಿ ಇಳಿಯುತ್ತಿತ್ತು, ಖಾಲಿ ಏರುತ್ತಿತ್ತು. ಖಾಲಿ ಗಾಡಿ ಸಲೀಸಾಗಿ ಏರಬೇಕು ಅನ್ನಿಸುತ್ತದೆ; ಒದ್ದೆ ಏರಿನಲ್ಲಿ ಹಾಗಲ್ಲ. ಎಂಜಿನ್ನಿನ ಶಕ್ತಿ ತಲುಪುವುದು ಚಾಲಕರು ಹೌಸಿಂಗ್ ಎನ್ನುವ ಹಿಂದಿನ ಆಕ್ಸಲಿಗೆ. ಅದರ ಮೇಲೆ ಭಾರವಿಲ್ಲದಿದ್ದರೆ ಟೈರು ರಸ್ತೆಯನ್ನು ಒತ್ತುವುದಿಲ್ಲ, ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಹತ್ತು ಚಕ್ರದ ಲಾರಿಗಳಲ್ಲಿ ಎಷ್ಟೋ ಗಾಡಿಗಳಿಗೆ ಎಳೆಯುವ ಆಕ್ಸಲ್ ಒಂದೇ, ಪಕ್ಕದ್ದು ಡಮ್ಮಿ. ಅದೂ ಭಾರದಲ್ಲಿ ಪಾಲು ಕೇಳುತ್ತದೆ. ಈಚಿನ ಲಾರಿಗಳಲ್ಲಿ ಒಂದು ಆಕ್ಸಲನ್ನು ಮೇಲೆತ್ತುವ ಅನುಕೂಲ ಇದೆ, ಆಗ ಭಾರವೆಲ್ಲ ಎಳೆಯುವ ಚಕ್ರದ ಮೇಲೆ ಬೀಳುತ್ತದೆ. ಹಳೆಯ ಲಾರಿಯ ಕ್ಲೀನರ್‌ಗೆ ಇದ್ದದ್ದು ಗೋಣಿಚೀಲ, ಮರಳು, ರಸ್ತೆ ಬದಿಯ ಜಲ್ಲಿ, ಕಡಿದ ಸೊಪ್ಪು. ಗಾಡಿ ಹಿಂದೆ ಸರಿಯದಂತೆ ಚಕ್ರಕ್ಕೆ ಕಲ್ಲು ಕೊಟ್ಟು, ಅದು ಹೊರಟೊಡನೆ ಕಲ್ಲನ್ನು ಅಲ್ಲೇ ಬಿಟ್ಟು ಓಡಿ ಹತ್ತಿಕೊಳ್ಳುವುದು. ರಾತ್ರಿ ಬೈಕಿನವರು ಆ ಕಲ್ಲಿಗೆ ಬೈದದ್ದು ಕಡಿಮೆಯೇನಲ್ಲ.

ಇಳಿಯುವಾಗಿನ ಕಷ್ಟ ಬೇರೆ. ಎರಡು ಆಕ್ಸಲಿನ ಲಾರಿಗೆ ಗಾಡಿಯೂ ಸೇರಿ 16.2 ಟನ್ ಎಂಬ ಮಿತಿ ಇದ್ದರೂ ಅದಿರು ಅದನ್ನು ಮೀರಿ ತುಂಬುತ್ತಿತ್ತು. ಹೆಚ್ಚುವರಿ ಭಾರಕ್ಕೆ ದಂಡ ಕಟ್ಟಿ ಹಾಗೇ ಮುಂದೆ ಹೋಗುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2005ರಲ್ಲೇ ತಳ್ಳಿಹಾಕಿತ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಲೋಕಾಯುಕ್ತ ವರದಿ ಅಕ್ರಮ ಅದಿರಿನ ಜತೆಗೆ ಅತಿಭಾರದ ಲಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅದಕ್ಕೂ ಮೊದಲೇ, 2010ರ ಜುಲೈನಲ್ಲಿ, ರಾಜ್ಯ ಸರ್ಕಾರ 10 ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಘಟ್ಟದ ಸಾಲು ಕರಗಿತು. 2018ರಲ್ಲಿ ಕೇಂದ್ರವೇ ಎರಡು ಆಕ್ಸಲಿನ ಮಿತಿಯನ್ನು 18.5 ಟನ್ನಿಗೆ ಏರಿಸಿತು. ಟೈರಿನ ಮೇಲಿನ ಹೊರೆ ಈಗ ಕಾನೂನುಬದ್ಧವಾಗಿಯೇ ಹೆಚ್ಚಾಗಿದೆ.

ಈ ನಡುವೆ ಟೈರೂ ಬದಲಾಯಿತು. ವಿಕ್ರಾಂತ್ 1997ರಲ್ಲಿ ಜೆ.ಕೆ. ಟೈರ್ ಕೈಸೇರಿತು. ಉಕ್ಕಿನ ಎಳೆಯ ರೇಡಿಯಲ್ ಟೈರು ನೈಲಾನಿನ ಜಾಗಕ್ಕೆ ನಿಧಾನವಾಗಿ ಬಂತು. ಅದು ತಂಪಾಗಿ ಓಡುತ್ತದೆ, ಹೆಚ್ಚು ಬಾಳುತ್ತದೆ, ಆದರೆ ಗಾಳಿ ಸರಿಯಿರಬೇಕು, ಅತಿಭಾರ ಹೇರಬಾರದು. ಹಾಗಾಗಿ ಅತಿಭಾರದ ದಾರಿಗಳಲ್ಲಿ ನೈಲಾನ್ ಲಗ್ ಬಹುಕಾಲ ಉಳಿಯಿತು. ಸವೆದ ಮೇಲೆ ಹೊಸ ಗಟ್ಟೆ ಅಂಟಿಸಿ ರೀಸೋಲ್ ಮಾಡಿಸಿದ ಟೈರು ಹಿಂದಿನ ಜೋಡಿಚಕ್ರಕ್ಕೆ, ಹೊಸದು ಮುಂದಕ್ಕೆ: ಸಾರಿಗೆ ಸಂಸ್ಥೆಯ ಬಸ್ಸಿಗೂ ಲಾರಿಗೂ ಇದೇ ಕಟ್ಟಳೆ.

ಕಂಪನಿ ಟೈರು ಜಾರುತ್ತದೆ ಎಂದು ದೂರುವ ಚಾಲಕನಿಗೆ ಬಾಗಿಲು ಹುಡುಕುವುದೇ ಕಷ್ಟ. ಲಾರಿಯ ವಾರಂಟಿಯಲ್ಲಿ ಸಾಮಾನ್ಯವಾಗಿ ಟೈರು ಸೇರಿರುವುದಿಲ್ಲ. ಟೈರು ಕಂಪನಿ ನೋಡುವುದು ತಯಾರಿಕೆಯ ದೋಷವನ್ನು. ಒಡೆದರೆ, ಪದರ ಕಿತ್ತರೆ ಪರಿಹಾರ ಕೇಳಬಹುದು, ಆದರೆ ಹಿಡಿತ ಸಾಲದು ಎಂಬುದು ದೋಷದ ಪಟ್ಟಿಗೆ ಬರುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮವೂ ಬಹುಕಾಲ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎಂದಷ್ಟೇ ನೋಡಿತು. 2022ರ ಜೂನ್‌ನಲ್ಲಿ ಸಾರಿಗೆ ಸಚಿವಾಲಯ ಲಾರಿ, ಬಸ್ಸಿನ ಟೈರಿಗೂ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರಕ್ಕೆ ಮಾನದಂಡ ಗೊತ್ತುಮಾಡಿತು. ಒದ್ದೆ ಹಿಡಿತದ ಪರೀಕ್ಷೆ ನಡೆಯುವುದು ಶುಚಿಯಾದ ಪರೀಕ್ಷಾ ರಸ್ತೆಗೆ ನೀರು ಬಿಟ್ಟು. ಕೆಮ್ಮಣ್ಣು, ಕೊಳೆತ ಎಲೆ, ಚೆಲ್ಲಿದ ಡೀಸೆಲ್ ಅಲ್ಲಿರುವುದಿಲ್ಲ.

ಕರಾವಳಿಯ ಉದ್ದಕ್ಕೆ ಒಂದು ಬೇರೆ ದಾರಿ ಹುಟ್ಟಿದೆ. ಕೊಂಕಣ ರೈಲ್ವೆ 1999ರಲ್ಲಿ ಲಾರಿಗಳನ್ನು ಸರಕಿನ ಸಮೇತ ರೈಲಿಗೇರಿಸಿ ಒಯ್ಯುವ ರೋರೋ ಸೇವೆ ಆರಂಭಿಸಿತು. ಕೋಲಾಡ್‌ನಿಂದ ಸುರತ್ಕಲ್‌ಗೆ ಹೋಗುವ ಲಾರಿ ಕಾರವಾರ, ಅಂಕೋಲೆಗಳನ್ನು ಟೈರು ಉರುಳಿಸದೆಯೇ ದಾಟುತ್ತದೆ. ಘಟ್ಟಕ್ಕೆ ಆ ಭಾಗ್ಯವಿಲ್ಲ. 1990ರ ದಶಕದಲ್ಲಿ ಮಂಜೂರಾದ, ಸುಮಾರು 164 ಕಿಲೋಮೀಟರಿನ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಪಶ್ಚಿಮಘಟ್ಟದ ಕಾಡು, ಆನೆ-ಹುಲಿಗಳ ಪ್ರಶ್ನೆಯಲ್ಲಿ ಸಿಕ್ಕಿ ಕೋರ್ಟು, ಸಮಿತಿಗಳ ನಡುವೆ ದಶಕಗಟ್ಟಲೆ ಓಡಾಡಿದೆ. ಆ ಮಾರ್ಗ ಬೇಕೋ ಬೇಡವೋ ಎಂಬ ವಾದ ಮುಗಿಯುವವರೆಗೆ ಹುಬ್ಬಳ್ಳಿಯ ಸರಕು ಅರಬೈಲಿನಲ್ಲೇ ಇಳಿಯಬೇಕು, ಖಾಲಿ ಲಾರಿ ಅಲ್ಲೇ ಏರಬೇಕು, ಲಗ್ ಟೈರಿನ ಖರ್ಚು ಮಾಲೀಕನ ಖಾತೆಗೇ ಬೀಳಬೇಕು.